ಪಕ್ಕದ ಮನೆಯ ರೂಟರ್ ನಮ್ಮ ಇಂಟರ್ನೆಟ್ ಕೆಡಿಸುತ್ತಾ?

ಪ್ರಶ್ನೆ: ಪಕ್ಕದ ಫ್ಲ್ಯಾಟಿನವರು ಎರಡು ತಿಂಗಳ ಹಿಂದೆ ಹೊಸ ವೈಫೈ ಹಾಕಿಸಿದರು. ಅವತ್ತಿನಿಂದ ಸಂಜೆಯಾದರೆ ಸಾಕು, ನಮ್ಮ ಮನೆಯ ಇಂಟರ್ನೆಟ್ ತಡವರಿಸುತ್ತದೆ. ವಿಡಿಯೊ ಕಾಲ್ ನಿಂತು ನಿಂತು ಬರುತ್ತದೆ. ನಮ್ಮದು ಫೈಬರ್, 100 ಎಂಬಿಪಿಎಸ್ ಪ್ಲಾನ್. ಅವರ ರೂಟರೇ ಕಾರಣ ಇರಬಹುದಾ? ಯಾರಿಗೆ ದೂರು ಕೊಡಬೇಕು?

ಉತ್ತರ: ಅವರ ರೂಟರ್ ಕಾರಣ ಇರಬಹುದು. ಆದರೆ ದೂರು ಕೊಟ್ಟು ಪ್ರಯೋಜನವಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ.

ಮನೆಯವರೆಗೆ ಬರುವ ಇಂಟರ್ನೆಟ್ ಬೇರೆ, ಮನೆಯೊಳಗೆ ಹರಡುವ ವೈಫೈ ಬೇರೆ. ಸಂಜೆ ತೊಂದರೆ ಶುರುವಾದ ಹೊತ್ತಿನಲ್ಲೇ ಲ್ಯಾಪ್‌ಟಾಪಿಗೂ ರೂಟರಿಗೂ ಲ್ಯಾನ್ ಕೇಬಲ್ ಸಿಕ್ಕಿಸಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್‌ನಲ್ಲಿ 90ರ ಮೇಲೆ ಬಂದು, ವೈಫೈನಲ್ಲಿ 10 ಬಂದರೆ ಗಲಾಟೆ ಇರುವುದು ಗಾಳಿಯಲ್ಲಿ. ಕೇಬಲ್‌ನಲ್ಲೂ 10 ಬಂದರೆ ಪಕ್ಕದ ಮನೆಯ ವೈಫೈ ಪಾಪ, ನಿರಪರಾಧಿ. ಕಂಪನಿಗೆ ಫೋನ್ ಮಾಡಿ.

ಹಾಗೆಯೇ, ಪಕ್ಕದ ಮನೆಯ ಹುಡುಗನಿಗೆ ಯಾವತ್ತಾದರೂ ಪಾಸ್‌ವರ್ಡ್ ಕೊಟ್ಟಿದ್ದಿರಾ ನೆನಪು ಮಾಡಿಕೊಳ್ಳಿ. ಅದೂ ಒಂದು ಥರದ ಅಡಚಣೆಯೇ!

ಗಾಳಿಯದೇ ತೊಂದರೆ ಅಂತಾದರೆ ಮುಂದಕ್ಕೆ ಓದಿ. ವೈಫೈ ಬಳಸುವ ಹಳೆಯ ತರಂಗ ಪಟ್ಟಿ (ಬ್ಯಾಂಡ್) 2.4 ಗಿಗಾಹರ್ಟ್ಜ್. ನಮ್ಮ ದೇಶದಲ್ಲಿ ಅದರ ಹರವು 2.4ರಿಂದ 2.4835ರವರೆಗೆ, ಅಂದರೆ ಬರೀ 83.5 ಮೆಗಾಹರ್ಟ್ಜ್. ಇಷ್ಟು ಜಾಗದಲ್ಲಿ 13 ಚಾನೆಲ್‌ಗಳಿವೆ. ಆದರೆ ಪಕ್ಕಪಕ್ಕದ ಚಾನೆಲ್‌ಗಳ ನಡುವೆ ಅಂತರ ಕೇವಲ 5 ಮೆಗಾಹರ್ಟ್ಜ್, ಒಂದೊಂದು ರೂಟರಿಗೆ ಬೇಕಾಗುವುದು ಸುಮಾರು 20. ಹಾಗಾಗಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಂತ ಸಿಗುವುದು ಮೂರೇ: 1, 6 ಮತ್ತು 11. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಫೋನಿಗೆ ಕಾಣುವ ವೈಫೈ ಹೆಸರುಗಳನ್ನು ಎಣಿಸಿ ನೋಡಿ. ಇಪ್ಪತ್ತು ಮನೆ, ಮೂರು ಚಾನೆಲ್. ಸಂಜೆ ಹೊತ್ತು ಯಾಕೆ ಕಷ್ಟ ಅಂತ ಆಗಲೇ ಗೊತ್ತಾಗುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಎಲ್ಲರೂ 1, 6ರಲ್ಲಿ ಕೂತಿದ್ದಾರೆ, ನಾವು ಮಧ್ಯೆ 3ಕ್ಕೋ 4ಕ್ಕೋ ಹೋಗೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಇನ್ನೂ ಕೆಡುತ್ತದೆ. ವೈಫೈಗೆ ಒಂದು ಮರ್ಯಾದೆ ಇದೆ: ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ಕೇಳಿಸಿಕೊಳ್ಳುತ್ತದೆ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಬೀದಿ ನಲ್ಲಿ ಮುಂದೆ ಬಿಂದಿಗೆ ಸಾಲಿಟ್ಟವರ ಹಾಗೆ. ತಡವಾದರೂ ಸರದಿ ಬರುತ್ತದೆ. 4ರಲ್ಲಿ ಕೂತ ರೂಟರಿಗೆ 1 ಮತ್ತು 6ರ ಮಾತು ಅರ್ಥವಾಗುವುದಿಲ್ಲ, ಬರೀ ಗದ್ದಲವಾಗಿ ಕೇಳುತ್ತದೆ. ಅದರ ಮಾತು ಅವರಿಗೂ ಗದ್ದಲವೇ. ಸರದಿ ತಪ್ಪಿ ಎಲ್ಲರ ಬಿಂದಿಗೆಯೂ ಉರುಳುತ್ತದೆ.

ಆದ್ದರಿಂದ 2.4ರಲ್ಲಿ 1, 6, 11ರಲ್ಲಿ ಕಡಿಮೆ ಜನ ಇರುವುದನ್ನು ಆರಿಸಿ. ಚಾನೆಲ್ ಅಗಲ 20ಕ್ಕೇ ಇರಲಿ. 40 ಅಂತ ಇಟ್ಟರೆ ಆ ಚಿಕ್ಕ ಜಾಗದ ಅರ್ಧ ನೀವೊಬ್ಬರೇ ಹಿಡಿದ ಹಾಗೆ. ಪಕ್ಕದವರ ಹೊಸ ರೂಟರ್ ಹಾಗೆ ಮಾಡುತ್ತಿರಲೂಬಹುದು. ಅವರ ಜೊತೆ ಮಾತು ಚೆನ್ನಾಗಿದ್ದರೆ, “ಅಂಕಲ್, ನಿಮ್ಮ ರೂಟರ್ ಸೆಟ್ಟಿಂಗ್ ಒಂದ್ಸಲ ನೋಡ್ಲಾ? ಇಬ್ಬರಿಗೂ ಸ್ಪೀಡ್ ಬರುತ್ತೆ” ಅಂತ ಕೇಳಿ. “ನಿಮ್ಮಿಂದ ನಮಗೆ ತೊಂದರೆ” ಅಂತ ಶುರು ಮಾಡಿದರೆ ಕಥೆ ಬೇರೆ ಕಡೆ ಹೋಗುತ್ತದೆ.

ನಿಜವಾದ ಮದ್ದು 5 ಗಿಗಾಹರ್ಟ್ಜ್. ಇದು ಗೋಡೆ ದಾಟುವುದರಲ್ಲಿ ಸೋಮಾರಿ. ನಮಗೆ ಅದೇ ಲಾಭ: ಪಕ್ಕದ ಮನೆಯದು ನಮ್ಮೊಳಗೆ ಅಷ್ಟಾಗಿ ಬರುವುದಿಲ್ಲ. ಜಾಗವೂ ಜಾಸ್ತಿ. 2018ರಲ್ಲಿ ಕೇಂದ್ರ ಸರ್ಕಾರ ಈ ಪಟ್ಟಿಯಲ್ಲಿ 605 ಮೆಗಾಹರ್ಟ್ಜ್‌ನಷ್ಟನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಟಿವಿ, ಲ್ಯಾಪ್‌ಟಾಪ್ ಎಲ್ಲವನ್ನೂ 5ಕ್ಕೆ ಹಾಕಿ. ಸ್ಮಾರ್ಟ್ ಬಲ್ಬು, ಹಳೆಯ ಕ್ಯಾಮೆರಾ ಅಂಥವು 2.4ರಲ್ಲಿ ಇರಲಿ. ರೂಟರನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ಹೊರಗೆ ತನ್ನಿ. ನಾನು ಮೂರು ವಾರ ಮೇಲಿನ ಮನೆಯವರನ್ನು ಬೈದುಕೊಂಡಿದ್ದೆ. ಕೊನೆಗೆ ನೋಡಿದರೆ ತಪ್ಪು ನಮ್ಮ ಬೀರುವಿನದು.

ಈಗ ದೂರಿನ ವಿಷಯ. ಲೈಸೆನ್ಸ್ ಬೇಡದ ಈ ಪಟ್ಟಿಗಳಲ್ಲಿ ನಿಯಮವೇ ಹೀಗಿದೆ: ಎಲ್ಲರೂ ಹಂಚಿಕೊಂಡು ಬಳಸಬೇಕು, ಅಡಚಣೆಯಾದರೆ ರಕ್ಷಣೆ ಕೇಳುವಂತಿಲ್ಲ. ನಿಮಗೆ ಎಷ್ಟು ಹಕ್ಕಿದೆಯೋ ಪಕ್ಕದವರಿಗೂ ಅಷ್ಟೇ. ಸಿಗ್ನಲ್ ಬೂಸ್ಟರ್ ವಿಷಯ ಬೇರೆ. ಮೊಬೈಲ್ ಸಿಗ್ನಲ್ ಹೆಚ್ಚಿಸಲು ಛಾವಣಿಯ ಮೇಲೆ ಅನುಮತಿ ಇಲ್ಲದೆ ಬೂಸ್ಟರ್ ಹಾಕಿಕೊಳ್ಳುವುದು ಕಾನೂನುಬಾಹಿರ. ಅದು ಸುತ್ತಲಿನ ಮೊಬೈಲ್ ಟವರಿನ ಕೆಲಸವನ್ನೇ ಕೆಡಿಸಬಲ್ಲದು. ನಿಮ್ಮ ಮನೆಯ ಇಂಟರ್ನೆಟ್ 4ಜಿ ಅಥವಾ 5ಜಿ ಡಬ್ಬಿಯಿಂದ ಬರುತ್ತಿದ್ದರೆ ನೇರ ಪೆಟ್ಟು. ಆಗ ಮೊಬೈಲ್ ಕಂಪನಿಗೆ ತಿಳಿಸಿ. ಅವರ ಮೂಲಕ ಅದು ದೂರಸಂಪರ್ಕ ಇಲಾಖೆಗೆ ಹೋಗುತ್ತದೆ.

ತಾಮ್ರದ ಫೋನ್ ತಂತಿಯಲ್ಲಿ ಇಂಟರ್ನೆಟ್ ಬರುವ ಮನೆಗಳು ಇನ್ನೂ ಇವೆ. ಅಲ್ಲಿ ನೆರೆಮನೆಯ ಹಾಳಾದ ಚಾರ್ಜರ್, ಅಗ್ಗದ ಎಲ್‌ಇಡಿ ದೀಪ ಕೂಡ ತೊಂದರೆ ಕೊಡಬಹುದು. 2020ರಲ್ಲಿ ಸುದ್ದಿಯಾದ, ಬ್ರಿಟನ್ನಿನ ವೇಲ್ಸ್‌ನ ಅಬರ್‌ಹೋಸನ್ ಹಳ್ಳಿಯ ಕಥೆ ಇದೇ. ಸುಮಾರು 18 ತಿಂಗಳು ದಿನಾ ಬೆಳಗ್ಗೆ 7 ಗಂಟೆಗೆ ಊರಿನ ಇಂಟರ್ನೆಟ್ ಹೋಗುತ್ತಿತ್ತು. ಕೇಬಲ್ ಬದಲಿಸಿದರೂ ಸರಿಹೋಗಲಿಲ್ಲ. ಕೊನೆಗೆ ಎಂಜಿನಿಯರ್‌ಗಳು ಬೆಳಗ್ಗೆ ಉಪಕರಣ ಹಿಡಿದು ಊರೆಲ್ಲ ಸುತ್ತಿದರು. ಸಿಕ್ಕಿದ್ದು ಒಂದು ಮನೆಯ ಹಳೆಯ ಟಿವಿ. ಅದನ್ನು ಆನ್ ಮಾಡಿದ ಕೂಡಲೇ ಹಳ್ಳಿಯ ಲೈನಿಗೆ ಗದ್ದಲ ನುಗ್ಗುತ್ತಿತ್ತು. ಮನೆಯವರು ನಾಚಿಕೊಂಡು ಆ ಟಿವಿ ಬಳಸುವುದನ್ನೇ ಬಿಟ್ಟರು.

ಇಂಥ ಗದ್ದಲ ಹುಡುಕಲು ಸಣ್ಣ ಬ್ಯಾಟರಿ ರೇಡಿಯೊ ಸಾಕು. ಬ್ರಿಟನ್ನಿನವರು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಜ್‌ಗೆ ತಿರುಗಿಸಿ ಮನೆ ಸುತ್ತಿ ಅನ್ನುತ್ತಾರೆ. ಬೆಂಗಳೂರಿನಲ್ಲಿ 612 ಅಂದರೆ ಆಕಾಶವಾಣಿ! ನೀವು ಸ್ವಲ್ಪ ಆಚೆ, ಖಾಲಿ ಇರುವಲ್ಲಿ ಇಟ್ಟು ನೋಡಿ. ಗರಗರ ಸದ್ದು ಎಲ್ಲಿ ಜೋರಾಗುತ್ತದೋ ಅಲ್ಲೇ ಕಳ್ಳ.

ನಿಮ್ಮದು ಫೈಬರ್, ಅದರೊಳಗೆ ಹೋಗುವುದು ಬೆಳಕು. ಟಿವಿ, ಮಿಕ್ಸಿ ಯಾವುದೂ ಅದನ್ನು ಮುಟ್ಟುವುದಿಲ್ಲ. ಒಂದೇ ಒಂದು ಅಪವಾದವಿದೆ, ಲೈನ್‌ಮನ್‌ಗಳಿಗೂ ಅದು ತಲೆನೋವು. ಕಂಪನಿಯಿಂದ ಬಂದ ಒಂದು ಫೈಬರ್ ಸ್ಪ್ಲಿಟರ್‌ನಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಮನೆಯಿಂದ ವಾಪಸ್ ಹೋಗುವಾಗ ಪ್ರತಿ ಮನೆಯ ಫೈಬರ್ ಡಬ್ಬಿಯೂ ತನಗೆ ಕೊಟ್ಟ ಕ್ಷಣದಲ್ಲಿ ಮಾತ್ರ ಬೆಳಕು ಬಿಡಬೇಕು. ಒಂದು ಮನೆಯ ಡಬ್ಬಿ ಕೆಟ್ಟು ಸದಾ ಬೆಳಕು ಬಿಡತೊಡಗಿದರೆ ಉಳಿದವರೆಲ್ಲರ ಸರದಿಯೂ ಹಾಳು. ನಿಮ್ಮ ಡಬ್ಬಿಯಲ್ಲಿ ಎಲ್‌ಓಎಸ್ (LOS, ಬೆಳಕು ಬರುತ್ತಿಲ್ಲ ಅಂತ ಹೇಳುವ) ಕೆಂಪು ದೀಪ ಹತ್ತುವುದಿಲ್ಲ, ಏಕೆಂದರೆ ನಿಮ್ಮ ಕಡೆಗೆ ಬೆಳಕು ಬರುತ್ತಲೇ ಇರುತ್ತದೆ. ಕಂಪನಿಯ ಜೊತೆ ಸಂಪರ್ಕ ತೋರಿಸುವ ಪಾನ್ (PON) ದೀಪ ಮಾತ್ರ ಮಿಟುಕುತ್ತಾ ಇರುತ್ತದೆ. ಸ್ಪ್ಲಿಟರ್‌ನಲ್ಲಿ ಒಂದೊಂದೇ ಮನೆಯ ವೈರ್ ಬಿಚ್ಚಿ ಹುಡುಕಬೇಕಾಗಬಹುದು. ಲ್ಯಾನ್ ಕೇಬಲ್‌ನಲ್ಲೂ ಇಂಟರ್ನೆಟ್ ಬಿಟ್ಟು ಬಿಟ್ಟು ಹೋಗುತ್ತಿದ್ದರೆ, ಕಂಪನಿಗೆ ಫೋನ್ ಮಾಡಿದಾಗ ಇದನ್ನೇ ಕೇಳಿ: “ಇದೇ ಸ್ಪ್ಲಿಟರ್‌ನ ಬೇರೆ ಮನೆಗಳಲ್ಲೂ ಇಂಟರ್ನೆಟ್ ಕಟ್ ಆಗ್ತಿದೆಯಾ ನೋಡಿ ಸರ್.”