ಮೆಣಸಿನ ರೇಟು ಮತ್ತು ಆಸಿಯಾನ್: ಜೊತೆಗೆ ಓದುವವರಿಗೆ ಒಂದು ಟಿಪ್ಪಣಿ

ಕೊಡಗಿನ ತೋಟಗಳಲ್ಲಿ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಹೆಸರು ಬಂದರೆ ಮಾತು ನೇರವಾಗಿ ವಿಯೆಟ್ನಾಂ ಮೆಣಸಿಗೆ ಹೋಗುತ್ತದೆ. ನಮ್ಮ ನೋಟ್ಸಿನಲ್ಲಿ ಮಾತ್ರ ಬರೀ ಇಸವಿಗಳು: 1967ರಲ್ಲಿ ಬ್ಯಾಂಕಾಕ್‌ನಲ್ಲಿ ಐದು ದೇಶಗಳಿಂದ ಶುರು, 1995ರಲ್ಲಿ ವಿಯೆಟ್ನಾಂ, 1999ರಲ್ಲಿ ಕಾಂಬೋಡಿಯಾ, 2025ರಲ್ಲಿ ಹನ್ನೊಂದನೆಯದಾಗಿ ಟಿಮೋರ್ ಲೆಸ್ಟೆ. ಒಂದು ಮಾರ್ಕಿಗೆ ಇಷ್ಟು ಸಾಕು. ಈ ದೇಶಗಳು ಜಗತ್ತಿನ ಆರ್ಥಿಕತೆಯೊಂದಿಗೆ ಎಷ್ಟು ಬೆಸೆದುಕೊಂಡಿವೆ ಎಂದು ಹತ್ತು ಮಾರ್ಕಿಗೆ ಕೇಳಿದರೆ ಸಾಲದು.

ಎಲ್ಲರೂ ಮೊದಲು ಹಿಡಿಯುವ ಅಳತೆ ಸುಲಭದ್ದು. ರಫ್ತು, ಆಮದು ಎರಡನ್ನೂ ಕೂಡಿಸಿ ಜಿಡಿಪಿಗೆ, ಅಂದರೆ ದೇಶದೊಳಗೆ ವರ್ಷಕ್ಕೆ ಹುಟ್ಟುವ ಒಟ್ಟು ಮೌಲ್ಯಕ್ಕೆ, ಹೋಲಿಸುವುದು. ಸಿಂಗಾಪುರದಲ್ಲಿ ಇದು ಶೇ 300ಕ್ಕಿಂತ ಜಾಸ್ತಿ. ವಿಯೆಟ್ನಾಂನಲ್ಲಿ ಶೇ 150 ದಾಟುತ್ತದೆ. ಇಂಡೋನೇಷ್ಯಾದಲ್ಲಿ ಶೇ 40ರ ಆಸುಪಾಸು. ಹಾಗಂತ ಇಂಡೋನೇಷ್ಯಾ ಬಾಗಿಲು ಮುಚ್ಚಿ ಕೂತಿದೆ ಎಂದು ಬರೆಯಬೇಡಿ. 27 ಕೋಟಿಗೂ ಹೆಚ್ಚು ಜನರಿರುವ ದೇಶ ಅದು, ಗಿರಾಕಿಗಳು ಮನೆಯೊಳಗೇ ಇದ್ದಾರೆ. ಸಿಂಗಾಪುರದ ಬಂದರಿಗೆ ಬಂದ ಸರಕು ಮತ್ತೆ ಹಡಗು ಹತ್ತಿ ಹೋದರೆ ಆಮದಿನಲ್ಲೂ ರಫ್ತಿನಲ್ಲೂ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ.

ಶೇಕಡಾ ನೂರು ದಾಟುವುದು ಹೇಗೆ ಅನ್ನುವುದೇ ಬಹಳ ಜನರಿಗೆ ಗೊಂದಲ. ಲೆಕ್ಕಕ್ಕೆಂದು ಒಂದು ಫೋನ್ ಇಟ್ಟುಕೊಳ್ಳಿ. ಕಾರ್ಖಾನೆ 70 ರೂಪಾಯಿಯ ಬಿಡಿಭಾಗ ಹೊರಗಿನಿಂದ ತರಿಸಿತು. ಜೋಡಿಸಿ 100 ರೂಪಾಯಿಗೆ ರಫ್ತು ಮಾಡಿತು. ವ್ಯಾಪಾರ 170 ಆಯಿತು, ಜಿಡಿಪಿಗೆ ಸೇರಿದ್ದು 30 ಮಾತ್ರ. ಸ್ಯಾಮ್‌ಸಂಗ್ ಕಾರ್ಖಾನೆಗಳಿರುವ ವಿಯೆಟ್ನಾಂ ಬಗ್ಗೆ ಓದುವಾಗ ಈ ಲೆಕ್ಕ ತಲೆಯಲ್ಲಿರಲಿ.

ಅದೇ ವಿಯೆಟ್ನಾಂನ ರೊಬಸ್ಟಾ ಕಾಫಿ ನೋಡಿ. ಬೀಜ ಅವರ ಮಣ್ಣಿನದೇ, ಹಾಗಾಗಿ ರಫ್ತಿನ ಹಣದ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ. ಆದರೆ ಬೆಲೆ ನಿಲ್ಲುವುದು ಲಂಡನ್ ಮಾರುಕಟ್ಟೆಯಲ್ಲಿ. ಭಾರತದ ಕಾಫಿಯಲ್ಲಿ ಮೂರನೇ ಒಂದರಷ್ಟು ಬೆಳೆಯುವ ಕೊಡಗಿನ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ರೇಟೂ ಅದೇ ದಾರಿಯಲ್ಲಿ ನಡೆಯುತ್ತದೆ. 2024ರಲ್ಲಿ ವಿಯೆಟ್ನಾಂಗೆ ಬರ ಬಂತು, ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 4,000 ಡಾಲರ್ ದಾಟಿತು, ಇಲ್ಲಿ ಚೆರಿ ಮೂಟೆಯ ರೇಟು ದಾಖಲೆ ಮುಟ್ಟಿತು. ಅಂದರೆ ಬೆಸುಗೆ ಎಷ್ಟಿದೆ ಎಂದು ನೋಡಲು ಸರಕಿನ ಪ್ರಮಾಣ ಒಂದೇ ಸಾಲದು, ಬೆಲೆ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಬೇಕು.

ಉಳಿದ ದೇಶಗಳ ಬೆಸುಗೆಯೂ ಒಂದೇ ಬಗೆಯದಲ್ಲ. ಲಾವೋಸ್‌ಗೆ ಕಡಲೇ ಇಲ್ಲ. ಥಾಯ್ಲೆಂಡ್‌ಗೆ ವಿದ್ಯುತ್ ಮಾರುತ್ತದೆ, 2021ರ ಕೊನೆಗೆ ಚೀನಾ ಕಡೆಗೆ ರೈಲೂ ಬಂತು. ಬ್ರೂನೈ ಮಾರುವುದು ತೈಲ ಮತ್ತು ಅನಿಲ. ಮ್ಯಾನ್ಮಾರ್ 2021ರ ಸೇನಾ ದಂಗೆಯ ನಂತರ ಇನ್ನಷ್ಟು ಬದಿಗೆ ಸರಿಯಿತು.

ಇನ್ನೊಂದು ವಿಷಯ ಪರೀಕ್ಷೆಯಲ್ಲಿ ಜಾಸ್ತಿ ಜನ ಬಿಡುತ್ತಾರೆ. ಆಸಿಯಾನ್ ದೇಶಗಳು ಹೊರಗೆ ವ್ಯಾಪಾರ ಮಾಡಿದಷ್ಟು ತಮ್ಮತಮ್ಮಲ್ಲಿ ಮಾಡುವುದಿಲ್ಲ. ಒಳವ್ಯಾಪಾರ ಒಟ್ಟಿನ ನಾಲ್ಕನೇ ಒಂದರ ಒಳಗೇ ಉಳಿದಿದೆ, ಯುರೋಪಿಯನ್ ಒಕ್ಕೂಟದಲ್ಲಿ ಅರ್ಧಕ್ಕಿಂತ ಹೆಚ್ಚು. ಬಿಡಿಭಾಗ ಚೀನಾ, ಜಪಾನ್, ಕೊರಿಯಾದಿಂದ ಬರುತ್ತವೆ. ಸಿದ್ಧ ವಸ್ತು ಅಮೆರಿಕ, ಯುರೋಪಿಗೆ ಹೋಗುತ್ತದೆ. ಯುರೋಪಿನಂತೆ ಹೊರಗಿನವರಿಗೆ ಒಂದೇ ಸುಂಕ ಎಂಬುದೂ ಇಲ್ಲಿಲ್ಲ. ಸಿಂಗಾಪುರ ಹೆಚ್ಚುಕಮ್ಮಿ ಸುಂಕವೇ ಹಾಕುವುದಿಲ್ಲ, ಪಕ್ಕದವರು ಹಾಕುತ್ತಾರೆ. ನನ್ನ ಪ್ರಕಾರ ಉತ್ತರದ ಜೀವ ಇಲ್ಲಿದೆ: ಜಗತ್ತಿಗೆ ತೆರೆದುಕೊಂಡಿವೆ, ಆದರೆ ಒಬ್ಬೊಬ್ಬರಾಗಿ.

ಈಗ ಮೆಣಸು. ಭಾರತ–ಆಸಿಯಾನ್ ಸರಕು ಒಪ್ಪಂದಕ್ಕೆ ಸಹಿ ಬಿದ್ದದ್ದು 2009ರಲ್ಲಿ, ಜಾರಿ 2010ರ ಜನವರಿಯಿಂದ. ಕಾಫಿ, ಟೀ, ಮೆಣಸು, ತಾಳೆ ಎಣ್ಣೆ ವಿಶೇಷ ಪಟ್ಟಿಯಲ್ಲಿದ್ದವು. ಹಾಗಾಗಿ ಇವುಗಳ ಆಮದು ಸುಂಕ ಸೊನ್ನೆಗೆ ಇಳಿಯಲಿಲ್ಲ. ಮೆಣಸಿನದು ಶೇ 70ರಿಂದ ಹಂತಹಂತವಾಗಿ 50ಕ್ಕೆ ಬಂತು. ಶ್ರೀಲಂಕಾದಿಂದ ಬಂದರೆ ದಕ್ಷಿಣ ಏಷ್ಯಾ ಒಪ್ಪಂದದಡಿ ಶೇ 8 ಮಾತ್ರ. 50 ಎಲ್ಲಿ, 8 ಎಲ್ಲಿ! ವಿಯೆಟ್ನಾಂ ಮೆಣಸು ಶ್ರೀಲಂಕಾ ಚೀಟಿ ಹಿಡಿದು ಬರುತ್ತಿದೆ ಎಂದು ಬೆಳೆಗಾರರು ದೂರಿದ್ದು ಇದಕ್ಕೇ. ‘ಮೂಲ ನಿಯಮ’ ಎಂಬ ಪಠ್ಯದ ಒಣ ಸಾಲು ಜಗಳಕ್ಕೆ ಬರುವುದು ಇಲ್ಲೇ ಅಲ್ವಾ? ಸರಕು ಯಾವ ದೇಶದ್ದು ಎಂದು ಕಾಗದ ಹೇಳುತ್ತದೆ, ಸುಂಕ ಆ ಕಾಗದದ ಮೇಲೆ ನಿಲ್ಲುತ್ತದೆ.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಅದಕ್ಕಿಂತ ಅಗ್ಗದ್ದು ಒಳಗೆ ಬರುವಂತಿಲ್ಲ. ಆದರೆ ಇದು ಸುಂಕದ ಹಾಗೆ ಶೇಕಡಾ ಲೆಕ್ಕವಲ್ಲ, ಒಂದೇ ಅಂಕಿ. ಹೊರಗಿನ ಬೆಲೆಯೇ 500 ದಾಟಿದ ದಿನ ಅದು ಯಾವ ಮೂಟೆಯನ್ನೂ ತಡೆಯುವುದಿಲ್ಲ.