ಬಲ್ಬ್ ಹೊಸದು, ಹೆಡ್‌ಲೈಟ್ ಹಳೆಯದು

"ಹೆಡ್‌ಲೈಟಿಗೆ ಎಲ್‌ಇಡಿ ಹಾಕ್ಬಿಡಿ ಸರ್, ರಾತ್ರಿ ರಸ್ತೆ ಏನೂ ಕಾಣಲ್ಲ." ವಾರಕ್ಕೆ ಇಬ್ಬರಾದರೂ ಹೀಗೆ ಕೇಳಿಕೊಂಡು ವರ್ಕ್‌ಶಾಪಿಗೆ ಬರುತ್ತಾರೆ. ಬಾನೆಟ್ ಎತ್ತಿ ನೋಡಿದರೆ ಬಹಳಷ್ಟು ಕಾರುಗಳಲ್ಲಿರುವುದು 60/55 ವ್ಯಾಟಿನ ಎಚ್4 ಅನ್ನುವ ಹ್ಯಾಲೊಜೆನ್ ಬಲ್ಬ್.

ಆ ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. (ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದರೆ ಬೇಗ ಹೋಗುತ್ತದೆ.) ಒಳಗೆ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ತಂತಿ. ಡಿಮ್ ಫಿಲಮೆಂಟಿನ ಕೆಳಗೆ ಪುಟ್ಟ ತಗಡಿನ ಬಟ್ಟಲು. ಬೆಳಕು ರಿಫ್ಲೆಕ್ಟರಿನ (ಬಲ್ಬಿನ ಸುತ್ತಲ ಹೊಳೆಯುವ ಕನ್ನಡಿ) ಮೇಲರ್ಧಕ್ಕೆ ಮಾತ್ರ ಬಿದ್ದು ರಸ್ತೆಗೆ ಇಳಿಯಲಿ ಅಂತ ಈ ಏರ್ಪಾಡು. ಫಿಲಮೆಂಟ್ ಒಂದೆರಡು ಮಿಲಿಮೀಟರ್ ಜರುಗಿದರೂ ಲೆಕ್ಕ ಕೆಡುತ್ತದೆ. ಅಲ್ಲಿಗೆ ತಂದು ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ? ಅದರ ಬೆಳಕು ಕೊಡುವ ಚಿಪ್‌ಗಳು ಒಂದು ಪಟ್ಟಿಯ ಎರಡು ಬದಿಯಲ್ಲಿರುತ್ತವೆ. ಫಿಲಮೆಂಟಿನ ಜಾಗಕ್ಕೆ ಅವು ಸರಿಯಾಗಿ ಕೂರುವುದು ಅಪರೂಪ. ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಬಂಪರ್ ಮುಂದೆ ಹಗಲಾದಂತೆ ಕಂಡು ನಮಗೆ ಖುಷಿ, ದೂರದ ಗುಂಡಿ ಕಾಣುವುದಿಲ್ಲ. ಎದುರು ಬರುವವನ ಕಣ್ಣಂತೂ ಕೋರೈಸುತ್ತದೆ. ಇಂಥ ಲೈಟುಗಳ ವಿರುದ್ಧವೇ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ಕೇಸು ಹಾಕಲು ಹೊರಟಿದ್ದು.

ಇನ್ನೊಂದು ತೊಂದರೆ ಮಳೆಗಾಲದ್ದು. ಹ್ಯಾಲೊಜೆನ್ನಿನ ಶಾಖ ಮುಂದಕ್ಕೆ ಬಂದು ಲೆನ್ಸಿನ ಒಳಗಿನ ಮಂಜನ್ನು ಒಣಗಿಸುತ್ತದೆ. ಎಲ್‌ಇಡಿ ಶಾಖವನ್ನು ಹಿಂದಕ್ಕೆ, ಫ್ಯಾನಿನ ಕಡೆ ಬಿಡುತ್ತದೆ. ಆಗುಂಬೆ, ಚಾರ್ಮಾಡಿ ಕಡೆ ಓಡಾಡುವವರು ಹೆಡ್‌ಲೈಟಿನೊಳಗೆ ಹನಿ ನಿಂತಿದೆ ಅಂತ ಬರುವುದು ಇದಕ್ಕೇ. ಫ್ಯಾನ್ ಹಿಡಿಸಲ್ಲ ಅಂತ ಹೆಡ್‌ಲೈಟ್ ಹಿಂದಿನ ರಬ್ಬರ್ ಮುಚ್ಚಳ ಕತ್ತರಿಸಿದ್ದರೆ ನೀರಿಗೂ ದೂಳಿಗೂ ಬಾಗಿಲು ತೆರೆದಂತೆಯೇ.

ಎಲ್‌ಇಡಿ ಕೆಟ್ಟದ್ದು ಅಂತಲ್ಲ. ಕಂಪನಿಯೇ ಎಲ್‌ಇಡಿಗೆಂದು ಮಾಡಿದ ಹೆಡ್‌ಲೈಟ್ ಸೊಗಸಾಗಿರುತ್ತದೆ. ಕರೆಂಟ್ ಕಡಿಮೆ, ಬಾಳಿಕೆ ಜಾಸ್ತಿ. ನನಗೆ ಎಲ್ಲಕ್ಕಿಂತ ಇಷ್ಟ ಬ್ರೇಕ್ ಲೈಟು. ಫಿಲಮೆಂಟ್ ಕಾದು ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ತಕ್ಷಣ ಹೊತ್ತುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಹಿಂದಿನ ಗಾಡಿ 5 ಮೀಟರ್ ದಾಟಿರುತ್ತದೆ! ಆದರೆ ಕಂಪನಿ ಫಿಟಿಂಗ್ ಕೆಟ್ಟರೆ ಸುಮಾರು ಗಾಡಿಗಳಲ್ಲಿ ಬಲ್ಬ್ ಬದಲಿಸಿ ಮುಗಿಸಲು ಬರುವುದಿಲ್ಲ, ಇಡೀ ಸೆಟ್ಟೇ ಬೇಕು. ಬಿಲ್ ನೋಡಿದರೆ ಕಣ್ಣು ಕತ್ತಲೆ.

ಹಾಗಾಗಿ ಹಳೆ ಕಾರು ಬಂದರೆ ನಾನು ಮೊದಲು ಲೆನ್ಸ್ ನೋಡುತ್ತೇನೆ. ಹಳದಿಗಟ್ಟಿದ್ದರೆ ಪಾಲಿಶ್. ಆಮೇಲೆ ಹೋಲ್ಡರಿಗೆ ಮೀಟರ್ ಹಿಡಿಯುತ್ತೇನೆ. ಎಂಜಿನ್ ಓಡುತ್ತಿರುವಾಗ 13 ವೋಲ್ಟ್ ಬರಬೇಕಾದಲ್ಲಿ 11 ತೋರಿಸಿದರೆ ಬೆಳಕು ಮಂಕಾಗುತ್ತದೆ; ಆಗ ದಪ್ಪ ವೈರು, ಒಂದು ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್ಚು) ಹಾಕಿ, ಗೋಡೆಗೆ ಬೆಳಕು ಬಿಟ್ಟು ಎತ್ತರ ಸರಿಮಾಡುತ್ತೇನೆ. ಹೀಗೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನ ಎಲ್‌ಇಡಿ ಮಾತನ್ನೇ ಮತ್ತೆ ಎತ್ತಿಲ್ಲ.