ಡೊಮೈನ್ ಗೋಡೆ ಎಲ್ಲಿ ಓಡುತ್ತದೆ, ಎಲ್ಲಿ ತಡೆಯುತ್ತದೆ

ಅಯಸ್ಕಾಂತದೊಳಗೆ ಪರಮಾಣುಗಳ ಕಾಂತತೆ ಒಂದೇ ದಿಕ್ಕಿಗೆ ಸಾಲುಗೂಡಿರುವ ಭಾಗವನ್ನು ಡೊಮೈನ್ ಎನ್ನುತ್ತೇವೆ. ಎದುರುಬದುರಾದ ಎರಡು ಡೊಮೈನ್‌ಗಳ ನಡುವೆ ಆ ದಿಕ್ಕು ಹಂತಹಂತವಾಗಿ ತಿರುಗುವ ತೆಳು ಪದರವೇ ಡೊಮೈನ್ ಗೋಡೆ. ನೆರೆಯ ಪರಮಾಣುಗಳನ್ನು ಒಂದೇ ದಿಕ್ಕಿನಲ್ಲಿ ಹಿಡಿದಿಡುವ ವಿನಿಮಯ ಬಲವು ಗೋಡೆಯನ್ನು ಹಿಗ್ಗಿಸುತ್ತದೆ. ಕಾಂತತೆಯನ್ನು ಸ್ಫಟಿಕದ ಒಂದು ಅಕ್ಷಕ್ಕೆ ಕಟ್ಟಿಹಾಕುವ ಅನೈಸೋಟ್ರೊಪಿ ಅದನ್ನು ಕುಗ್ಗಿಸುತ್ತದೆ. ಕಬ್ಬಿಣದಲ್ಲಿ ಅನೈಸೋಟ್ರೊಪಿ ದುರ್ಬಲವಾದ್ದರಿಂದ ಗೋಡೆಯ ದಪ್ಪ ಸುಮಾರು 60 ನ್ಯಾನೊಮೀಟರ್. ಅನೈಸೋಟ್ರೊಪಿ ಸುಮಾರು ನೂರು ಪಟ್ಟು ಪ್ರಬಲವಾಗಿರುವ ನಿಯೋಡೀಮಿಯಂ-ಕಬ್ಬಿಣ-ಬೋರಾನ್‌ನಲ್ಲಿ ಸುಮಾರು 4 ನ್ಯಾನೊಮೀಟರ್ ಮಾತ್ರ.

ಗೋಡೆ ಅಲುಗದ ಕಾರಣಕ್ಕೇ ಈ ಅಯಸ್ಕಾಂತ ಬಲಶಾಲಿ ಎಂದು ಬಹುಕಾಲ ನಾನು ತಿಳಿದಿದ್ದೆ. ಅದು ತಪ್ಪು. ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ನಿಯೋಡೀಮಿಯಂ ಅಯಸ್ಕಾಂತದಲ್ಲಿ, ಕೆಲವೇ ಮೈಕ್ರೊಮೀಟರ್ ಅಗಲದ ಪ್ರತಿಯೊಂದು ಸ್ಫಟಿಕ ಕಣದ ಒಳಗೆ ಗೋಡೆ ಸಲೀಸಾಗಿ ಓಡುತ್ತದೆ. ಒಮ್ಮೆ ಪೂರ್ತಿ ಕಾಂತೀಕರಿಸಿದಾಗ ಗೋಡೆಗಳೆಲ್ಲ ಅಳಿಸಿಹೋಗುತ್ತವೆ. ಆಮೇಲೆ ವಿರುದ್ಧ ದಿಕ್ಕಿನ ಹೊಸ ಡೊಮೈನ್ ಹುಟ್ಟುವುದೇ ಕಷ್ಟ. ಹಾಗೆ ಹುಟ್ಟುವುದು ಹೆಚ್ಚಾಗಿ ಕಣದ ಮೇಲ್ಮೈಯ ಕೆಟ್ಟ ಮೂಲೆಗಳಲ್ಲಿ. ಹುಟ್ಟಿದ ಗೋಡೆ ಪಕ್ಕದ ಕಣಕ್ಕೆ ದಾಟದಂತೆ ತಡೆಯುವುದು, ಕಣಗಳ ಸಂದಿಯಲ್ಲಿ ಹರಡಿರುವ, ನಿಯೋಡೀಮಿಯಂ ಹೆಚ್ಚಾಗಿರುವ ತೆಳು ಪದರ.

ನಮ್ಮ ಕರಾವಳಿಯಲ್ಲಿ ಈ ಪದರದ ಇರುವಿಕೆ ಕಣ್ಣಿಗೇ ಕಾಣುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಿಂದ ಬಿಚ್ಚಿದ ಅಯಸ್ಕಾಂತವೊಂದು ಸುರತ್ಕಲ್‌ನ ನನ್ನ ಕೋಣೆಯ ಕಿಟಕಿಯ ಬಳಿ ಒಂದು ಮಳೆಗಾಲ ಕಳೆಯಿತು. ನಿಕ್ಕಲ್ ಲೇಪ ಎದ್ದಿದ್ದ ಮೂಲೆಯನ್ನು ಉಗುರಿನಿಂದ ಕೆರೆದಾಗ ಬೂದುಬಣ್ಣದ ಪುಡಿ ಉದುರಿ, ನೆಲಕ್ಕೆ ಬೀಳದೆ, ಅದೇ ಅಯಸ್ಕಾಂತದ ಅಂಚಿಗೆ ಮುಳ್ಳುಮುಳ್ಳಾಗಿ ನಿಂತಿತು. ಉಪ್ಪುಗಾಳಿಯ ತೇವ ಮೊದಲು ತಿಂದದ್ದು ಸಂದಿಯ ಪದರವನ್ನು. ಕಾಂತತೆ ಹೊತ್ತ ಕಣಗಳು ಬಿಡಿಬಿಡಿಯಾಗಿ ಕಳಚಿಕೊಂಡಿದ್ದವು. ಗೋಡೆಯನ್ನು ತಡೆಯುವ ಪದರವೇ ತುಕ್ಕಿಗೆ ಮೊದಲು ಸೋಲುವುದು ನನಗೆ ಈ ವಿಷಯದ ಅತ್ಯಂತ ಮುಖ್ಯ ಸಂಗತಿಯೆಂದು ತೋರುತ್ತದೆ.

ಗೋಡೆ ನಿಜವಾಗಿಯೂ ಸಿಕ್ಕಿಬೀಳುವುದು 2:17 ಮಾದರಿಯ (ಎರಡು ಸಮೇರಿಯಂ ಪರಮಾಣುಗಳಿಗೆ ಹದಿನೇಳು ಕೋಬಾಲ್ಟ್ ಪರಮಾಣುಗಳ ಅನುಪಾತದ) ಸಮೇರಿಯಂ-ಕೋಬಾಲ್ಟ್‌ನಲ್ಲಿ. ಅಲ್ಲಿ ಸುಮಾರು 100 ನ್ಯಾನೊಮೀಟರ್‌ನ ಕೋಶಗಳನ್ನು ತಾಮ್ರ ಬೆರೆತ ಬೇರೊಂದು ಸಂಯುಕ್ತ ಸುತ್ತುವರಿದಿದ್ದು, ಗೋಡೆಯ ಶಕ್ತಿ ಆ ಗಡಿಯಲ್ಲಿ ಬದಲಾಗುವುದರಿಂದ ಅದು ಅಲ್ಲೇ ತಡೆದು ನಿಲ್ಲುತ್ತದೆ. ಎರಡರ ವ್ಯತ್ಯಾಸ ಮೊದಲ ಕಾಂತೀಕರಣದ ವಕ್ರರೇಖೆಯಲ್ಲೇ, ಅಂದರೆ ಹೊರಗಿನ ಕಾಂತಕ್ಷೇತ್ರವನ್ನು ಏರಿಸಿದಂತೆ ತುಂಡಿನ ಕಾಂತತೆ ಎಷ್ಟು ಏರುತ್ತದೆಂದು ತೋರಿಸುವ ರೇಖೆಯಲ್ಲೇ, ಕಾಣುತ್ತದೆ: ಕಾಯಿಸಿ ಕಾಂತತೆ ಕಳೆದ ನಿಯೋಡೀಮಿಯಂ ತುಂಡಿನಲ್ಲಿ ರೇಖೆ ಸಣ್ಣ ಕ್ಷೇತ್ರಕ್ಕೇ ಕಡಿದಾಗಿ ಏರುತ್ತದೆ, ಈ ಸಮೇರಿಯಂ ತುಂಡಿನಲ್ಲಿ ಕ್ಷೇತ್ರವು ಗೋಡೆಯನ್ನು ಗಡಿಯಿಂದ ಬಿಡಿಸುವಷ್ಟು ಬೆಳೆಯುವ ತನಕ ಬಹುತೇಕ ಮಲಗಿಯೇ ಇರುತ್ತದೆ.